ಮೂವತ್ತೇಳು ಸೈಟು

ಗಾಂಧಿ ಬಜಾರಿನ ಹಿಂದಿನ ಓಣಿ. ಕೆಳಗೆ ಅರಳೆ ಹಿಂಜುವ ಅಂಗಡಿ,
ಮೇಲೆ, ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು.
ಬೋರ್ಡು ಇನ್ನೂ ಇದೆ: ಜೂನಿಯರ್, ಸೀನಿಯರ್, ಶೀಘ್ರಲಿಪಿ.
ಒಂಬತ್ತಕ್ಕೆ ಬಂದು, ಕೀಬೋರ್ಡಿನ ಮೇಲೆ ಕೂತ ಅರಳೆ ಊದಿ
ಮೂವತ್ತೇಳು ಜನರಾಗುತ್ತೇನೆ.

ಕಾಮತರ ಲೆಕ್ಕ ಸರಳ:
ಹೆಸರು ಬೇರೆ ಇರಬೇಕು, ಮನೆ ಬೇರೆ ಇರಬೇಕು,
ಮನೆ ನಂಬರಂತೂ ಬೇರೆಯೇ ಇರಬೇಕು.
ಒಂದೇ ಐಪಿಯಲ್ಲಿ ಎಲ್ಲ ಕಂಡರೆ
ಗೂಗಲ್ಲಿಗೆ ಗೊತ್ತಾಗುತ್ತಮ್ಮ, ಒಂದೇ ಒಲೆಯ ಅಡುಗೆ ಅಂತ.
ಹಾಗಾಗಿ ನಾಲ್ಕು ಮುಂಬಯಿಯಲ್ಲಿ, ಆರು ಸಿಂಗಪುರದಲ್ಲಿ,
ಫ್ರಾಂಕ್‌ಫರ್ಟಿನಲ್ಲಿ ಎಷ್ಟೋ.
ನಾನು ಭದ್ರಾವತಿ ದಾಟಿದ್ದು ಎರಡು ಸಲ.
ಎರಡೂ ಮದುವೆಗೆ. ಒಂದು ನನ್ನದೇ ಆಗಬೇಕಿತ್ತು.

ಎಷ್ಟು ಸೈಟು ನೋಡ್ಕೊಳ್ತೀಯೆ, ಎಂದ ಖಾಲಾಗೆ
ಮೂವತ್ತೇಳು ಅಂದೆ.
ವಿನೋಬನಗರದಲ್ಲೋ ಗೋಪಾಳದಲ್ಲೋ ಎಂದು ಕಣ್ಣರಳಿಸಿದಳು.
ಥರ್ಟಿ ಫಾರ್ಟಿ ಒಂದಾದರೂ ನಿನ್ನ ಹೆಸರಿಗೆ ಬರೆಸಿಕೋ ಹುಚ್ಚಿ.

ನನ್ನ ಹೆಸರಿಗೆ ಒಂದೂ ಇಲ್ಲ.
ನಾನು ಸೀತಜ್ಜಿ, ಒಣಕೆಮ್ಮಿಗೆ ಕಷಾಯ ಹೇಳುವವಳು.
ನಾನು ಬುಲೆಟ್ಟು ಬಿಚ್ಚಿ ಜೋಡಿಸುವ ಡೇವಿಡ್ಡು.
ಪಿಯುಸಿ ಲೆಕ್ಕ ಬಿಡಿಸುವ ಮೇಷ್ಟ್ರು, ಅವರಿಗೆ ಮೂಲವ್ಯಾಧಿ ಬೇರೆ,
ಅದಕ್ಕೇ ಅವರು ಪಾಠದ ನಡುವೆ
ಸೀತಜ್ಜಿಯ ಮನೆಗೆ ದಾರಿ ತೋರಿಸುತ್ತಾರೆ.
ಎಲ್ಲರೂ ಎಲ್ಲರ ಮನೆಗೂ ದಾರಿ ತೋರಿಸುತ್ತಾರೆ.
ದಾರಿಗಳೆಲ್ಲ ಮುಗಿದಲ್ಲಿ ಕಾಮತರ ಷಡ್ಡಕನ
ಸೋಲಾರ್ ಗೀಸರು.

ಕಷಾಯ ಮಾತ್ರ ಸುಳ್ಳಲ್ಲ. ನನ್ನ ದಾದಿಯದು.
ಹಿಪ್ಪಲಿ ಎಷ್ಟು, ಯಾವಾಗ ಇಳಿಸಬೇಕು,
ಉಕ್ಕಿ ಬಂದರೆ ಏನಂತ ಗದರಬೇಕು.

ಪಕ್ಕದ ಪ್ರೆಸ್ಸಿನ ಗುರುಶಾಂತಪ್ಪ, ಮೊಳೆ ಜೋಡಿಸಿ ಜೋಡಿಸಿ
ಈಗಲೂ ಅಕ್ಷರವನ್ನು ಬೆನ್ನಿನಿಂದ ಓದುವವರು,
ಎಂಟು ವರ್ಷ ನಾನು ಟೈಪು ಮಾಡಿದ್ದನ್ನೆಲ್ಲ ತಿದ್ದಿದವರು,
ಮೊಮ್ಮಗನ ಫೋನಿನಲ್ಲಿ ಅಜ್ಜಿ, ಮೇಷ್ಟ್ರು, ಡೇವಿಡ್ಡು ಮೂವರನ್ನೂ ಓದಿ
ಮೆಟ್ಟಿಲು ಹತ್ತಿ ಬಂದರು. ಏದುಸಿರು.
'ಏನಮ್ಮ ಫೌಜಿಯಾ,
ಈ ಮೂವರೂ ಆದರೆ ಅಂದಮೇಲೆ ಅಲ್ಪವಿರಾಮ ಇಡ್ತಾರೆ.
ಮೂವರೂ ಒಂಚೂರು ಅಂತಾರೆ.
ಮೂವರೂ ಷಕಾರದಲ್ಲಿ ಎಡವ್ತಾರೆ.'
ನಾನು ಏನು ಹೇಳಲಿ. ಸಿಂಗಪುರ, ಫ್ರಾಂಕ್‌ಫರ್ಟು, ಮುಂಬಯಿ
ಒಂದು ಅಲ್ಪವಿರಾಮದ ಬಾಲದಲ್ಲಿ ಇರುಕಿಕೊಂಡು ಕೂತಿದ್ದವು.
ಕಾಮತರಿಗೆ ಹೇಳಬೇಡಿ, ಎಂದೆ.
ಒಳಗೊಳಗೇ ಯಾಕೋ ಹಬ್ಬದ ಹಾಗಿತ್ತು.

ಯುಗಾದಿ ಕಳೆದು ಖರ್ಚಿನ ಪಟ್ಟಿ ಬಂತು:
ಹನ್ನೊಂದು ಹೆಸರು ಈ ವರ್ಷ ರಿನ್ಯೂ ಬೇಡ.
ಎಂಟನೆಯದು ಸೀತಜ್ಜಿ.
ಒಂಬೈನೂರ ಚಿಲ್ಲರೆ. ನಾನೇ ಕಟ್ಟಬಹುದಿತ್ತು.
ಹೆಸರು ಬಿದ್ದ ಮೇಲೂ ತಿಂಗಳೊಪ್ಪತ್ತು ಕಾಯುತ್ತದಲ್ಲ, ಸಂಬಳ ಬರಲಿ ಎಂದೆ.
ಸಂಬಳ ಬಂತು. ಗ್ಯಾಸು ಬಂತು, ತಮ್ಮನ ಫೀಸು ಬಂತು.
ಏಪ್ರಿಲ್ಲಿನ ಧಗೆಯಲ್ಲಿ ಕರೆಂಟು ಹೋಯಿತು.
ಆದರೆ, ಬೇರೆ ಯಾರೋ ಕಾದು ಕೂತಿದ್ದರು.

ಈಗ ಅದೇ ಹೆಸರು ಒತ್ತಿದರೆ ಸೀತಜ್ಜಿ
ರಮ್ಮಿಗೆ ಕರೆಯುತ್ತಾಳೆ.
ಮೊದಲ ಆಟಕ್ಕೆ ಬೋನಸ್ಸು ಕೊಡುತ್ತಾಳೆ.
ಮೇಷ್ಟ್ರಿಗೆ ಇದೇನೂ ಗೊತ್ತಿಲ್ಲ, ಇನ್ನೂ ಮಕ್ಕಳಿಗೆ
ಅತ್ತಲೇ ಬೆರಳು ತೋರುತ್ತಿದ್ದಾರೆ.
ಇಪ್ಪತ್ತಾರು ಊರುಗಳಿಂದ ಕೈಮರ ಕೀಳಲು
ಎರಡು ಹಗಲು ಹಿಡಿಯಿತು.

ಮೂರನೆಯ ದಿನ ಗುರುಶಾಂತಪ್ಪ, ಕೆಮ್ಮುತ್ತ, ಬಾಗಿಲಲ್ಲಿ:
ಅಜ್ಜಿ ಎಲ್ಲಿ ಹೋದಳಮ್ಮ?
ಕರೆಂಟು ಬಿಲ್ಲಿನ ಹಿಂದೆ ಕೈಯಲ್ಲೇ ಬರೆದುಕೊಟ್ಟೆ.
ಹಿಪ್ಪಲಿ ಒಂಚೂರು. ಆದರೆ, ಉಕ್ಕಲು ಬಿಡಬಾರದು.
ಜೇಬಿನಿಂದ ಕೆಂಪು ಪೆನ್ನು ತೆಗೆದರು, ಅಭ್ಯಾಸ.
ಆದರೆಯ ಹತ್ತಿರ ತುಸು ನಿಂತರು.
ಬಿಟ್ಟರು.

ಕೆಳಗೆ ಯಾರ ಹೆಸರು ಹಾಕಲಿ ಅಂತ ಕೇಳಿದೆ.
ಕೇಳಿಸಲಿಲ್ಲವೇನೋ. ಅರಳೆ ತೇಲುವ ಬಿಸಿಲಲ್ಲಿ
ಒಂದೊಂದೇ ಮೆಟ್ಟಿಲಿಳಿಯುತ್ತ ಕೆಮ್ಮುತ್ತಿದ್ದರು.