ಅರ್ಧ ಎಂದರೆ ಆರು

ಸಾಂತೋಸ್ ಬಂದರು. ಹನ್ನೆರಡೂವರೆಗೆ ಸೇತು ಇಳಿಬಿಟ್ಟರು,
ಒಂದು ಗಂಟೆಗೆಲ್ಲ ಏಳನೆಯ ಅಂತಸ್ತಿನ
ನನ್ನ ಓಣಿಯಲ್ಲಿ ಸಂತೆ.
ಉದ್ದಕ್ಕೂ ಒಂದೇ ಬಣ್ಣದ ಬಾಗಿಲು, ಒಂದೇ ನೀಲಿ ಜಮಖಾನ,
ಮೂತಿ ಎತ್ತ ಬಾಲ ಎತ್ತ ಎಂದು
ಕಟ್ಟಿದವರೂ ತಡವರಿಸಬೇಕು.
ಎಡಕ್ಕೆ ಸಮ, ಬಲಕ್ಕೆ ಬೆಸ, ಎನ್ನುತ್ತೇನೆ;
ಅವರು ಗಿರಕ್ಕನೆ ತಿರುಗಿ
ತಮ್ಮ ಎಡಕ್ಕೆ ಹೋಗುತ್ತಾರೆ.
ಹಡಗಿನ ಎಡ ಮನುಷ್ಯರ ಜೊತೆ ತಿರುಗುವುದಿಲ್ಲ,
ಇದನ್ನು ಯಾರಿಗೆ ಯಾವ ಭಾಷೆಯಲ್ಲಿ ಹೇಳಲಿ?

ನಾನು ಎವೆಲಿಯೊ, ಹೊಂಡುರಾಸಿನ ತೇಲಾದವನು.
ಸ್ಪ್ಯಾನಿಷ್ ನನ್ನದು. ಪೋರ್ಚುಗೀಸ್
ಪಕ್ಕದ ಮನೆಯ ಜಗಳದ ಹಾಗೆ,
ಗೋಡೆಯಾಚೆಯಿಂದ ಅರ್ಧ ಕೇಳಿಸುತ್ತದೆ
ಉಳಿದರ್ಧ ನಾನೇ ಸೇರಿಸಿಕೊಳ್ಳುತ್ತೇನೆ.

ಬಂದರು ಸೊರೊಕಾಬಾದ ಅಕ್ಕತಂಗಿಯರು.
ಮುಂದೆ ದೋನಾ ಜುಲ್ಮೀರಾ, ಎಪ್ಪತ್ತೊಂಬತ್ತು.
ಹತ್ತು ಹೆಜ್ಜೆ ಹಿಂದೆ ದೋನಾ ಇದಾಲಿನಾ, ಎಪ್ಪತ್ತೈದು.
ತಾಯಿಯ ಹೊಲಿಗೆ ಯಂತ್ರ ಯಾರಿಗೆ ಎಂಬಲ್ಲಿ
ಮಾತು ಬಿಟ್ಟು ಹನ್ನೊಂದು ವರ್ಷ.
(ಇದನ್ನು ಆಮೇಲೆ ಹೇಳಿದ್ದು ಅವರ ತಮ್ಮನ ಮಗಳು.
ಟಿಕೆಟ್ಟು ಕೊಂಡ ಪಾಪಿ ಅವಳೇ,
ತನಗೆ ಮಾತ್ರ ಹತ್ತನೆಯ ಅಂತಸ್ತಿನಲ್ಲಿ ಕೋಣೆ ಹಿಡಿದವಳು.)

ಕೋಣೆ ಯಾವುದಮ್ಮ?
ಸೆತೆ, ಜೆರು, ಮೇಯಾ, ದೊಯ್ಸ್, ಎಂದಳು ಜುಲ್ಮೀರಾ.
ಏಳು, ಸೊನ್ನೆ, ಅರ್ಧ, ಎರಡು.
ಅರ್ಧವೆಂಬ ಅಂಕಿ ಯಾವ ಬಾಗಿಲ ಮೇಲಿದೆ?
ಸೊನ್ನೆಯ ಅರ್ಧವೂ ಸೊನ್ನೆಯೇ ತಾನೆ ಎಂದು
ಲೆಕ್ಕದ ಮೇಷ್ಟರು ಬೆನ್ನು ತಟ್ಟುವಂತೆ ಯೋಚಿಸಿ
೭೦೦೨ಕ್ಕೆ ಕರೆದೊಯ್ದೆ.
ಬ್ರೆಜಿಲಿನವರ ಬಾಯಲ್ಲಿ ಅರ್ಧ ಎಂದರೆ ಆರು,
ಡಜನ್ನಿನ ಅರ್ಧ;
ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಅಲ್ಲಿ, ಬೆಳಿಗ್ಗೆ ನಾನೇ ಟವೆಲು ಮಡಿಚಿ ಮಾಡಿದ ಹಂಸಗಳು,
ಕೊಕ್ಕಿಗೆ ಕೊಕ್ಕು, ಸುತ್ತ ಕೆಂಪು ಎಸಳು,
ಮೈದಾನದಂಥ ಒಂದೇ ಹಾಸಿಗೆ.
ಅಕ್ಕ ಹಂಸ ನೋಡಿದಳು. ತಂಗಿ ಗೋಡೆ ನೋಡಿದಳು.
ಬೇರೆ ಬೇರೆ ಮಂಚವೆಂದು ಬರೆಸಿದ್ದರಂತೆ,
ಆದರೆ ದೂರಬೇಕಾದರೆ ಇಬ್ಬರೂ ಒಂದೇ ಮಾತಾಡಬೇಕಲ್ಲ!
ಬೂಟು ಬಿಚ್ಚಿ
ಈ ಅಂಚಿಗೊಬ್ಬಳು ಆ ಅಂಚಿಗೊಬ್ಬಳು ಕೂತರು.

ಮೂರು ಗಂಟೆಗೆ ಮದುಮಕ್ಕಳು,
ಬಾವುರು ಊರಿನ ಉಯೆಲಿಂಟನ್, ತಾಯ್ನಾರಾ.
ಎಸಳುಗಳ ಮೇಲೆ ಎರಡು ಮುದುಕಿಯರನ್ನು ಕಂಡು
ಅವನು ಬಾಯಿ ತೆರೆದ. ನಾನು ತೊದಲಿದೆ,
ಐದೇ ನಿಮಿಷ, ಬದಲಿಸಿಬಿಡುತ್ತೇನೆ.
ಸರತಿಯ ಸಾಲಿನಲ್ಲಿ ಅವನು ಏನಂದಿದ್ದನೋ,
ಅವಳ ಕಣ್ಣು ಕೆಂಡ.
'ಇವರದರಲ್ಲಿ ಎರಡು ಮಂಚವಾ? ನನಗೆ ಅದೇ ಇರಲಿ.'
೭೦೬೨ರ ಬಾಗಿಲು ದಢಾರೆಂದಿತು.
ಹಿಡಿಕೆಗೆ 'ತೊಂದರೆ ಕೊಡಬೇಡಿ' ತೂಗಿತು.

ಪೆಟ್ಟಿಗೆಗಳು ಮಾತ್ರ ಚೀಟಿ ಹೇಳಿದಂತೆ ಕೇಳುವ ಜಾತಿ.
ಅಕ್ಕತಂಗಿಯರ ಪೆಟ್ಟಿಗೆ ಆಗಲೇ ೭೦೬೨ರ ಒಳಗಿತ್ತು.
ಲೈಫ್ ಜಾಕೆಟ್ಟಿನ ಕವಾಯತಿಗೆ ಎಲ್ಲರೂ ಹೋದಾಗ
ತರಬಹುದಿತ್ತು. ಮರೆತೆ.
ಇನ್ನೂ ಹದಿನೇಳು ಬಾಗಿಲು ನನ್ನ ಹೆಸರು ಕೂಗುತ್ತಿದ್ದವು.

ರಾತ್ರಿ ಹನ್ನೊಂದೂವರೆ. ದಡದ ದೀಪ ಮುಳುಗಿದ ಮೇಲೆ
೭೦೦೨ರಿಂದ ಫೋನು. 'ಮೇಯಾ, ಮಗೂ, ಮೇಯಾ!'
ಈ ಸಲ ಜಾಣನಾದೆ.
ಆರು ದಿಂಬು ಹೊತ್ತು ಹೊರಟೆ.
ರೆಸೀಫಿನ ಗೆಳೆಯ ಗೋಡೆಗೊರಗಿ ನಕ್ಕ:
ಕಾಲುಚೀಲಕ್ಕೂ ನಾವು ಅದೇ ಅನ್ನುತ್ತೇವಯ್ಯಾ,
ಏಸಿಗೆ ಅವರ ಕಾಲು ಮರಗಟ್ಟಿರಬೇಕು.

೭೦೬೨ರ ಫಲಕ ತೂಗುತ್ತಲೇ ಇತ್ತು.
ಕೆಳಗಿಳಿದು ನನ್ನದೇ ಪೆಟ್ಟಿಗೆ ತಡಕಿ
ಒಗೆದ ಕರಿ ಜೊತೆಯೊಂದನ್ನು ತಂದೆ.
ಬಾಗಿಲ ಬಳಿ ಬೆರಳು ಮಡಿಸಿದವನು ತಡೆದೆ:
ಒಳಗೆ ಒಂದು ದನಿ, 'ಹೊದಿಕೆ ಎಳೀಬೇಡ.'
ಬಹಳ ಹೊತ್ತಿನ ಮೇಲೆ ಇನ್ನೊಂದು,
'ನೀನೇ ಎಳೀತಿರೋದು.'
ಕಾಲುಚೀಲವನ್ನು ಹಿಡಿಕೆಗೆ ಸಿಕ್ಕಿಸಿ
ಬೆಕ್ಕಿನ ಹೆಜ್ಜೆಯಲ್ಲಿ ಬಂದೆ.

ಬೆಳಿಗ್ಗೆ ಹಾಸಿಗೆ ಕೊಡವುವಾಗ
ಒಂದು ಕಿಟಕಿಯ ಕಡೆ ಸಿಕ್ಕಿತು,
ಒಂದು ಬಾಗಿಲ ಕಡೆ.
ಒಗೆಯಲು ಹಾಕಿದೆ.