ಇರಿಯಾ ಬಗ್ಗೆ ಕೇಳಿದರು

ನನ್ನ ನಂಬರನ್ನೇ ಯಾಕೆ ಕೊಟ್ಟಳೋ ಇರಿಯಾ.
ಊಟದ ಬಿಡುವಿನಲ್ಲಿ ಫೋನು.
ವೀಗೋ ಬಂದರಿನ ಗಾಳಿಗೆ ಬೆನ್ನು ಕೊಟ್ಟು
ಒಂದು ಕಿವಿ ಮುಚ್ಚಿಕೊಂಡು ನಿಂತೆ.

ಹೊತ್ತಿಗೆ ಸರಿಯಾಗಿ ಬರುತ್ತಿದ್ದರಾ?
ನಮಗಿಂತ ಮುಂಚೆ, ಅಂದೆ,
ಐಸಿನ ಲಾರಿಗಿಂತ ಮುಂಚೆ.
ಕೈ ಚುರುಕಾ?
ಸಾರ್ಡೀನಿನ ಬೆನ್ನುಮೂಳೆ ಅವಳ ಹೆಬ್ಬೆರಳಿಗೆ
ಹೊಲಿಗೆ ಬಿಚ್ಚಿದ ಹಾಗೆ ಬರುತ್ತಿತ್ತು.
ಆಚೆ ಕಡೆ ಟಕಟಕ, ಬರೆದುಕೊಂಡರು.

ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾರಾ?

ಆ ಗುರುವಾರ ಹಳೇ ಡಬ್ಬಗಳ ಮೇಲೆ
ಹೊಸ ತಾರೀಖು ಒತ್ತಿ ಅಂದಾಗ
ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟು
ನಾನು ಒತ್ತಲ್ಲ ಅಂದವಳು ಅವಳು.
ಒತ್ತಿದವಳು ನಾನು.
ಸಾವಿರದ ಇನ್ನೂರು ಡಬ್ಬ. ಎಣಿಸಿದ್ದೆ.
ಸಂಜೆ ಅವಳ ಲಾಕರಿನ ಕೀಲಿ
ಇಸಿದುಕೊಂಡು ಬಾ ಅಂತ ಕಳಿಸಿದ್ದೂ ನನ್ನನ್ನೇ.
ಕೊಟ್ಟಳು. ಕೀಲಿ ಬೆಚ್ಚಗಿತ್ತು.

ಹಲೋ, ಕೇಳಿಸ್ತಾ ಇದೆಯಾ?

ಇಲ್ಲ, ಅಂದೆ. ಹೊಂದಿಕೊಳ್ಳಲ್ಲ.
ಉಗುಳು ನುಂಗಿ, ಮತ್ತೆ:
ಅದಕ್ಕೇ ತಗೊಳ್ಳಿ ಅವಳನ್ನ.

ಟಕಟಕ ನಿಂತಿತು.
ನಿಮ್ಮ ಹೆಸರು ಇನ್ನೊಮ್ಮೆ ಹೇಳಿ, ಅಂದರು.
ಹೇಳಿದೆ, ಅಕ್ಷರ ಬಿಡಿಸಿ,
ಕಡಲಹಕ್ಕಿಗಳ ಗದ್ದಲದಲ್ಲಿ,
ಎರಡು ಸಲ.