ಕಲೆ

ಗುರುವಾರ ಗುರುವಾರ ಬರುತ್ತಾರೆ ಮರಗದವಲ್ಲಿ ಡಾಕ್ಟರು
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ.
ಬಸ್ಸಿಳಿದವರೇ ಒಂದು ನಿಂಬೆಹಣ್ಣು ಮೂಸಿ,
ಆಮೇಲೆ ವಾರ್ಡಿಗೆ.

ತಾಳವಾಡಿ ಆಸ್ಪತ್ರೆಯಲ್ಲಿ ಕಾಯಿಲೆ ಕನ್ನಡದ್ದು, ಚೀಟಿ ತಮಿಳಿನದು.
ನಡುವೆ ನಾನು, ನೆಲ ಒರೆಸುವವಳು,
ಎರಡನ್ನೂ ಬಲ್ಲವಳು.

"ಎತ್ತನೆ ನಾಳಾ ಕಾಯ್ಚಲ್?"
"ಎಷ್ಟು ದಿನದಿಂದ ಜ್ವರ ಅಂತಾರೆ, ಕುಂಬಮ್ಮ."
"ಎಮ್ಮ ಈದ ಮಾರ್ನ ದಿನದಿಂದ ಕವ್ವ, ಇವತ್ಗ ಒಂಬತ್ತು."
ಎಮ್ಮೆಯನ್ನು ಬಿಟ್ಟು, ಒಂಬತ್ತು ಅಂದೆ.
ಡಾಕ್ಟರು ತಲೆಯೆತ್ತಿದರು:
ಎಮ್ಮೆ ಅಂದಳಲ್ಲ, ಅದನ್ನೂ ಹೇಳು.
ಹುಲ್ಲಿಗೆ ಹೋಗುವವರು ಯಾರು? ಯಾವ ಹಳ್ಳದ ಬದಿಗೆ?

ಡೆಂಗಿ ಅಲ್ಲ, ಮಲೇರಿಯಾ ಅಲ್ಲ,
ಟೈಫಾಯ್ಡಿನ ಚೀಟಿ ಹೌದು ಅನ್ನದು, ಅಲ್ಲ ಅನ್ನದು.
ಪರದೆ ಎಳೆಸಿದರು.
ಕಿವಿಯ ಹಿಂದೆ, ಕಂಕುಳು, ಮೊಣಕಾಲ ಮಡಿಕೆ,
ಹೇನು ನೋಡುವ ಅಜ್ಜಿಯ ಹಾಗೆ, ಅವಸರವಿಲ್ಲದೆ;
ಕಡೆಗೆ ಲಂಗದ ಲಾಡಿ ಒತ್ತಿದ ಗೆರೆಯ ಕೆಳಗೆ
ಹುರುಳಿಕಾಳಿನಗಲ ಕಪ್ಪು ಹಕ್ಕಳೆ.
ನೋವಿಲ್ಲ, ತುರಿಕೆಯಿಲ್ಲ.
ಹುಲ್ಲಿನ ಹುಳ, ಕಣ್ಣಿಗೆ ಕಾಣದ್ದು,
ಹೆಬ್ಬೆಟ್ಟು ಒತ್ತಿ ಹೋದ ಜಾಗ.

ಏರಿಸಿದ್ದ ದುಬಾರಿ ಬಾಟಲಿ ಇಳಿಸಿದರು.
ಬರೆದದ್ದು ಒಂದೇ ಗುಳಿಗೆ,
ನಮ್ಮ ಕಪಾಟಿನಲ್ಲೇ ದೂಳು ತಿನ್ನುತ್ತಿದ್ದದ್ದು.
"ಅಷ್ಟು ದೂರದಿಂದ ಬಂದು ಇಷ್ಟೇಯ?" ಎಂದ ಗಂಡ.
ಅದನ್ನು ನಾನು ತಮಿಳಿಗೆ ತರಲಿಲ್ಲ.

ಇನ್ನೊಂದನ್ನೂ ತರಲಿಲ್ಲ.
ಹೋದ ಕಾರ್ತಿಕ. ಇದೇ ಮಂಚ.
ಮೈ ಒರೆಸುವಾಗ ಗೌರಮಣಿಯ ಮೊಲೆಯ ಕೆಳಗೆ
ಇಂಥದೇ ಒಂದು ಕಂಡಿದ್ದೆ.
ಬೀಡಿಯಲ್ಲಿ ಸುಟ್ಟದ್ದು ಅಂದುಕೊಂಡೆ.
ಬಾಗಿಲಲ್ಲಿ ಕೂತಿದ್ದ ಅವಳ ಗಂಡನ ಬೆರಳು ನೋಡಿದೆ.
ಮನೆಯ ಮಾತು, ನನಗೇಕೆ ಎಂದು
ಸೆರಗು ಸರಿಮಾಡಿ ಮುಚ್ಚಿದೆ,
ಮಾನ ಕಾದವಳ ಹಾಗೆ.
ನಾಲ್ಕನೆಯ ದಿನ ಗಾಡಿ ಅವಳನ್ನು ಘಾಟಿ ಇಳಿಸಿತು.
ಹಾಸಿಗೆಯ ಬಟ್ಟೆ ನಾನೇ ಒಗೆದೆ,
ಎರಡು ಸಲ.
ಆ ಗಂಡ ಬೀಡಿ ಸೇದುವವನೇ ಅಲ್ಲವಂತೆ.

ಶನಿವಾರ ಕುಂಬಮ್ಮನ ಹಣೆ ತಣ್ಣಗಿತ್ತು.
ಎಮ್ಮೆ ಯಾರಿಗೂ ಹಾಲು ಕೊಡುವುದಿಲ್ಲ, ಬಿಡಿ ನನ್ನ, ಎಂದು ಒಂದೇ ಜಗಳ.

ಮುಂದಿನ ಗುರುವಾರ
ನಿಂಬೆಹಣ್ಣು ಹಿಡಿದು ಬಸ್ ಸ್ಟ್ಯಾಂಡಿಗೆ ನಾನೇ ಹೋದೆ.
ತಮಿಳಿನಲ್ಲಿ ಶುರುಮಾಡಿದೆ, ಅದು ತೊದಲಿತು,
ಕನ್ನಡದಲ್ಲಿ ಮುಗಿಸಿದೆ. ಎಷ್ಟು ತಿಳಿಯಿತೋ.
ಹಣ್ಣು ತೆಗೆದುಕೊಂಡವರು ಮೂಸಲಿಲ್ಲ.
ಕೇಳಿದ್ದು ಒಂದೇ: ಎಲ್ಲಿತ್ತು?

ಎಲ್ಲರೂ ನೋಡುತ್ತಿದ್ದರು,
ಕಂಡಕ್ಟರು, ಟೀ ಅಂಗಡಿಯವರು.
ಸೆರಗು ಸರಿಸಿ, ನನ್ನ ಮೈಮೇಲೆ
ಬೆರಳಿಟ್ಟು ತೋರಿಸಿದೆ.